ವೈಫೈ ಸರಿ ಇತ್ತು, ಕಂಪ್ಯೂಟರಿಗೆ ಮಾತ್ರ ಇಂಟರ್ನೆಟ್ ಇರಲಿಲ್ಲ

ಜುಲೈ 18. ಸಾಗರದಲ್ಲಿ ಮೂರು ದಿನದಿಂದ ಬಿಡದೆ ಮಳೆ. ನಾನು ಮನೆಯಲ್ಲೇ ಕೂತು ಅಡಿಕೆ ವ್ಯಾಪಾರಿಗಳ ಲೆಕ್ಕ ಬರೆದು, ಜಿಎಸ್‌ಟಿ ರಿಟರ್ನ್ ಹಾಕಿಕೊಡುವ ಕೆಲಸ ಮಾಡುತ್ತೇನೆ. ಜಿಎಸ್‌ಟಿಆರ್-3ಬಿ ಎಂಬ ತಿಂಗಳ ರಿಟರ್ನ್ ಹಾಕಲು 20ನೇ ತಾರೀಕು ಕೊನೆ. ತಪ್ಪಿದರೆ ದಿನಕ್ಕೆ 50 ರೂಪಾಯಿ ದಂಡ, ಕಟ್ಟದೆ ಉಳಿದ ತೆರಿಗೆಯ ಮೇಲೆ ಬಡ್ಡಿ ಬೇರೆ. ಒಂಬತ್ತು ಜನರದ್ದು ಇನ್ನೂ ಬಾಕಿ ಇತ್ತು. ಸಂಜೆ ಐದು ಗಂಟೆಗೆ ಕಂಪ್ಯೂಟರಿನಲ್ಲಿ ಇಂಟರ್ನೆಟ್ ನಿಂತಿತು.

ನನ್ನ ಕಂಪ್ಯೂಟರ್ ಮಹಡಿಯ ಕೋಣೆಯಲ್ಲಿದೆ. ಅದಕ್ಕೆ ವೈಫೈ ಇಲ್ಲ. ರೂಟರ್ ಕೆಳಗೆ ಹಾಲಿನಲ್ಲಿದೆ. ಅಲ್ಲಿಂದ ಒಂದು ಲ್ಯಾನ್ ಕೇಬಲ್ ಕಿಟಕಿಯಿಂದ ಹೊರಗೆ ಹೋಗಿ, ಗೋಡೆ ಹತ್ತಿ, ಮೇಲಿನ ಕಿಟಕಿಯಿಂದ ಒಳಗೆ ಬರುತ್ತಿತ್ತು. ನಾಲ್ಕು ವರ್ಷದ ಹಿಂದೆ ಎಳೆಸಿದ್ದು.

ಕೆಳಗೆ ಇಳಿದು ನೋಡಿದರೆ ಅಮ್ಮನ ಫೋನಿನಲ್ಲಿ ಯಕ್ಷಗಾನ ಎಲ್ಲೂ ನಿಲ್ಲದೆ ಓಡುತ್ತಿತ್ತು. ಅಂದರೆ ಬೀದಿಯಿಂದ ಬರುವ ಫೈಬರ್ ಸರಿ ಇದೆ, ರೂಟರ್ ಸರಿ ಇದೆ. ಫೈಬರ್ ಪೆಟ್ಟಿಗೆಯಲ್ಲಿ ಎಲ್‌ಒಎಸ್ ಎಂಬ ಕೆಂಪು ದೀಪ ಉರಿಯುತ್ತಿದ್ದರೆ ನಾವು ಮನೆಯೊಳಗೆ ಏನು ಮಾಡಿಯೂ ಉಪಯೋಗವಿಲ್ಲ, ಕಂಪನಿಗೇ ಫೋನ್ ಮಾಡಬೇಕು. ಇಲ್ಲಿ ಆ ದೀಪ ಇರಲಿಲ್ಲ. ತೊಂದರೆ ರೂಟರಿನಿಂದ ನನ್ನ ಮೇಜಿನ ನಡುವೆ ಎಲ್ಲೋ ಇತ್ತು.

ಅಲ್ಲಿಂದ ಮುಂದಿನ ಎರಡು ಗಂಟೆ ನಾನು ಹುಡುಕಿದ್ದು ತಪ್ಪು ಜಾಗದಲ್ಲಿ. ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದೆ. ವಿಂಡೋಸಿನಲ್ಲಿ ಆಜ್ಞೆ ಟೈಪ್ ಮಾಡುವ ಕಪ್ಪು ಕಿಟಕಿ ತೆರೆದು ಐಪಿಕಾನ್ಫಿಗ್ ಎಂದು ಟೈಪ್ ಮಾಡಿದೆ. ನೆಟ್‌ವರ್ಕಿನಲ್ಲಿ ಕಂಪ್ಯೂಟರಿನ ವಿಳಾಸ 192.168.1.50 ಎಂದು ತೋರಿಸಿತು. ವಿಳಾಸ ಇದೆ ಅಂದ್ರೆ ಕೇಬಲ್ ಸರಿ ಇದೆ ಅಂದುಕೊಂಡು, ಲ್ಯಾನ್ ಡ್ರೈವರ್ ತೆಗೆದು ಮತ್ತೆ ಹಾಕಿದೆ. ಕೊನೆಗೆ ನೆಟ್‌ವರ್ಕ್ ರೀಸೆಟ್ ಕೂಡ ಒತ್ತಿದೆ. ಆಮೇಲೆ ನೋಡಿದರೆ ವಿಳಾಸವೇ ಬೇರೆ. 169.254ರಿಂದ ಶುರುವಾಗುವ ಒಂದು ಸಂಖ್ಯೆ.

ನನಗೆ ನಿಜ ಹೇಳಿದ್ದು ಈ ಸಂಖ್ಯೆ. ಮೊದಲು ಕಂಡ 192.168.1.50 ರೂಟರ್ ಕೊಟ್ಟಿದ್ದಲ್ಲ, ಪ್ರಿಂಟರ್ ಹಂಚಿಕೊಳ್ಳಲು ಅಂತ ಹಿಂದೆ ನಾನೇ ಕೈಯಾರೆ ತುಂಬಿದ್ದು. ಹಾಗೆ ತುಂಬಿದ ವಿಳಾಸ, ರೂಟರ್ ಜೊತೆ ಒಂದು ಮಾತೂ ಆಡದಿದ್ದರೂ ಅಲ್ಲೇ ಕಾಣುತ್ತಿರುತ್ತದೆ. ರೀಸೆಟ್ ಅದನ್ನು ಅಳಿಸಿತು. ಆಗ ಕಂಪ್ಯೂಟರ್ ರೂಟರ್ ಹತ್ತಿರ ವಿಳಾಸ ಕೇಳಿತು, ಉತ್ತರ ಬರಲಿಲ್ಲ. ಹಾಗಾದಾಗ ವಿಂಡೋಸ್ ತಾನೇ 169.254ರ ಸಾಲಿನಿಂದ ಒಂದು ಸಂಖ್ಯೆ ಇಟ್ಟುಕೊಳ್ಳುತ್ತದೆ. ನಿಮ್ಮ ಕಂಪ್ಯೂಟರಿನಲ್ಲಿ ಈ ಸಂಖ್ಯೆ ಕಂಡರೆ ಬ್ರೌಸರ್, ವೈರಸ್, ವೆಬ್‌ಸೈಟ್ ಎಲ್ಲವನ್ನೂ ಪಕ್ಕಕ್ಕಿಡಿ. ರೂಟರಿನ ತನಕವೇ ಮಾತು ಹೋಗುತ್ತಿಲ್ಲ ಎಂದು ಅದರ ಅರ್ಥ.

ಆ ಹೊತ್ತಿಗೆ ರಾತ್ರಿ ಎಂಟು. ಫೋನನ್ನು ಚಾರ್ಜರ್ ವೈರಿನಿಂದ ಕಂಪ್ಯೂಟರಿಗೆ ಸಿಕ್ಕಿಸಿ, ಫೋನಿನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದೆ. ಇಂಟರ್ನೆಟ್ ಬಂತು. ಮಳೆಗೆ ಸಿಗ್ನಲ್ ಎರಡು ಕಡ್ಡಿ ಮಾತ್ರ, ಆದರೂ ಎರಡು ರಿಟರ್ನ್ ಹೋದವು. ಇದರಿಂದ ಇನ್ನೊಂದು ಲಾಭವೂ ಆಯಿತು. ಫೋನಿನ ಮೂಲಕ ಎಲ್ಲಾ ತೆರೆಯುತ್ತಿದೆ ಎಂದರೆ ವಿಂಡೋಸ್ ಸರಿ ಇದೆ, ಬ್ರೌಸರ್ ಸರಿ ಇದೆ. ಉಳಿದದ್ದು ಮೂರೇ: ಕಂಪ್ಯೂಟರಿನ ಲ್ಯಾನ್ ಪೋರ್ಟ್, ಕೇಬಲ್, ರೂಟರಿನ ಪೋರ್ಟ್. ಸಾಫ್ಟ್‌ವೇರ್ ಮುಟ್ಟುವ ಮೊದಲೇ ಇದನ್ನು ಮಾಡಿದ್ದರೆ ಎರಡು ಗಂಟೆ ಉಳಿಯುತ್ತಿತ್ತು.

ಬೆಳಿಗ್ಗೆ ಟಾರ್ಚ್ ಹಿಡಿದು ಸಿಪಿಯು ಹಿಂದೆ ಬಗ್ಗಿದೆ. ಕೇಬಲ್ ಸಿಕ್ಕಿಸುವ ಕಿಂಡಿಯ ಪಕ್ಕ ಎರಡು ಪುಟ್ಟ ದೀಪಗಳಿರುತ್ತವೆ. ಸಾಮಾನ್ಯವಾಗಿ ಒಂದು ಸ್ಥಿರವಾಗಿ ಉರಿಯುತ್ತದೆ, ಆ ತುದಿಯಲ್ಲಿ ಯಾರೋ ಇದ್ದಾರೆ ಎಂದು ತಿಳಿಸಲು. ಇನ್ನೊಂದು ಮಾತುಕತೆ ನಡೆದಾಗ ಮಿನುಗುತ್ತದೆ. ನನ್ನದರಲ್ಲಿ ಎರಡೂ ಹತ್ತು ಸೆಕೆಂಡ್ ಹತ್ತಿ, ಆರಿ, ಮತ್ತೆ ಹತ್ತುತ್ತಿದ್ದವು. ಕೆಳಗೆ ರೂಟರಿನ 2ನೇ ಪೋರ್ಟಿನ ದೀಪವೂ ಹಾಗೇ.

ಇಲ್ಲಿಂದ ಒಂದು ಸಲಕ್ಕೆ ಒಂದನ್ನೇ ಬದಲಿಸಿದೆ. ಕೇಬಲನ್ನು ರೂಟರಿನ 2ರಿಂದ 3ಕ್ಕೆ ಹಾಕಿದೆ. ಅದೇ ಕಥೆ. ಆಮೇಲೆ ಸಿಪಿಯು ಹೊತ್ತು ಕೆಳಗೆ ತಂದೆ. ಟಿವಿಗೆ ಎಚ್‌ಡಿಎಂಐ ವೈರ್ ಕೊಟ್ಟು, ರೂಟರ್ ಡಬ್ಬಿಯಲ್ಲಿ ಬಂದಿದ್ದ ಒಂದು ಮೀಟರ್ ಕೇಬಲಿನಿಂದ ನೇರ ಜೋಡಿಸಿದೆ. ದೀಪ ಗಟ್ಟಿಯಾಗಿ ನಿಂತಿತು. ರೂಟರಿನ ವಿಳಾಸ 192.168.1.1ಕ್ಕೆ ಪಿಂಗ್ ಮಾಡಿದರೆ, ಅಂದರೆ ಇದ್ದೀಯಾ ಎಂದು ಕೂಗಿ ಕೇಳಿದರೆ, ಒಂದು ಮಿಲಿಸೆಕೆಂಡಿನ ಒಳಗೆ ಉತ್ತರ. ಹೊರಗಿನ ಇಂಟರ್ನೆಟ್ಟಿನಲ್ಲಿರುವ ಗೂಗಲ್‌ನ 8.8.8.8ರಿಂದಲೂ ಉತ್ತರ ಬಂತು. ಕಂಪ್ಯೂಟರ್ ಚೆನ್ನಾಗಿಯೇ ಇದೆ, ರೂಟರ್ ಚೆನ್ನಾಗಿಯೇ ಇದೆ. ಕೇಬಲ್ ಒಂದೇ ಉಳಿಯಿತು.

ಕೆಳಗೆ ತಂದಾಗಲೂ ದೀಪ ಹತ್ತದಿದ್ದರೆ ಮದರ್‌ಬೋರ್ಡ್ ಹೋಯಿತು ಎಂದು ತಕ್ಷಣ ಹೆದರಬೇಡಿ. ಕಂಪ್ಯೂಟರ್ ಆಫ್ ಇದ್ದಾಗಲೂ ಲ್ಯಾನ್ ಚಿಪ್‌ಗೆ ಸ್ವಲ್ಪ ಕರೆಂಟ್ ಹೋಗುತ್ತಿರುತ್ತದೆ, ಸುಮ್ನೆ ರೀಸ್ಟಾರ್ಟ್ ಮಾಡಿದರೆ ಅದು ನಿಲ್ಲುವುದಿಲ್ಲ. ಪವರ್ ವೈರನ್ನೇ ಕಿತ್ತು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದು, ಐದು ನಿಮಿಷ ಬಿಟ್ಟು ಹಚ್ಚಿ. ನನ್ನ ಅಣ್ಣನ ಕಂಪ್ಯೂಟರ್ ಒಮ್ಮೆ ಇಷ್ಟರಲ್ಲೇ ಸರಿಹೋಗಿತ್ತು. ಪೋರ್ಟ್ ನಿಜಕ್ಕೂ ಸತ್ತಿದ್ದರೂ ಒಂದು ಯುಎಸ್‌ಬಿ ಲ್ಯಾನ್ ಅಡಾಪ್ಟರ್ ತಂದರೆ ಸಾಕು, ಬೋರ್ಡ್ ಬದಲಿಸಬೇಕಿಲ್ಲ.

ನಮ್ಮ ಬೀದಿಗೆ ಕೇಬಲ್ ಕೆಲಸಕ್ಕೆ ಬರುವ ಹುಡುಗನಿಗೆ ಫೋನ್ ಮಾಡಿ, "ಸ್ವಲ್ಪ ಬಂದು ನೋಡಪ್ಪಾ" ಅಂದೆ. ರೇನ್‌ಕೋಟ್ ಹಾಕಿಕೊಂಡು ಮಧ್ಯಾಹ್ನ ಬಂದ. ಅವನ ಟೆಸ್ಟರ್‌ಗೆ ಎರಡು ಭಾಗ, ಒಂದು ಈ ತುದಿಗೆ, ಇನ್ನೊಂದು ಆ ತುದಿಗೆ. ಒಳಗಿನ ಎಂಟು ವೈರಿಗೆ 1ರಿಂದ 8ರ ತನಕ ಒಂದೊಂದೇ ದೀಪ ಹತ್ತಬೇಕು. 7 ಮತ್ತು 8 ಹತ್ತಲೇ ಇಲ್ಲ. 3 ಒಮ್ಮೆ ಬಂದರೆ ಒಮ್ಮೆ ಇಲ್ಲ. 6 ಮಂಕು.

ಇದನ್ನು ನೋಡಿದಾಗ ಹಿಂದಿನ ಹದಿನೈದು ದಿನದ ಒಂದು ಸಂಗತಿ ಅರ್ಥವಾಯಿತು. ನಮ್ಮದು 150 ಎಂಬಿಪಿಎಸ್ ಪ್ಲಾನ್. ಮೇಲಿನ ಕೋಣೆಯಲ್ಲಿ ಮಾತ್ರ ವೇಗ 94ರ ಹತ್ತಿರ ನಿಂತುಬಿಡುತ್ತಿತ್ತು. ಮಳೆಗೆ ಲೈನ್ ನಿಧಾನ ಅಂದುಕೊಂಡು ಬಿಟ್ಟಿದ್ದೆ. ಗಿಗಾಬಿಟ್ ವೇಗಕ್ಕೆ, ಅಂದರೆ 1000 ಎಂಬಿಪಿಎಸ್‌ಗೆ, ಎಂಟು ವೈರೂ ಬೇಕು. ಒಂದು ಜೋಡಿ ಹೋದರೆ ಎರಡೂ ತುದಿಯವರು 100ಕ್ಕೆ ಇಳಿದು ಕೆಲಸ ಸಾಗಿಸಬಲ್ಲರು, ಅದಕ್ಕೆ 1, 2, 3, 6 ಸಾಕು. 7 ಮತ್ತು 8ರ ಕಂದು ಜೋಡಿ ಆಗಲೇ ಸತ್ತಿತ್ತು. ಈಗ 3 ಮತ್ತು 6ರ ಹಸಿರು ಜೋಡಿಯೂ ಕೈಕೊಟ್ಟಿತ್ತು. ವೇಗ 90ರ ಆಚೀಚೆ ಗೋಡೆ ಕಟ್ಟಿದ ಹಾಗೆ ನಿಂತರೆ ಮೊದಲು ಕೇಬಲ್ ನೋಡಿ.

ಹುಡುಗ ಮೇಲಿನ ತುದಿಯ ಪ್ಲಗ್ ಕತ್ತರಿಸಿದ. ವೈರುಗಳ ಮೇಲೆ ಬಿಳಿ ಪುಡಿ. ಬ್ಲೇಡಿನಿಂದ ಕೆರೆದರೆ ತಾಮ್ರದ ಬಣ್ಣ ಎದ್ದು ಒಳಗೆ ಬೆಳ್ಳಗೆ ಕಂಡಿತು. ಅಲ್ಯುಮಿನಿಯಂ ಮೇಲೆ ತೆಳು ತಾಮ್ರ ಬಳಿದ ಅಗ್ಗದ ಕೇಬಲ್ ಅದು. ನೀರು ಸೋಕಿದರೆ ಬೇಗ ತಿಂದುಹೋಗುತ್ತದೆ, ಎರಡು ಸಲ ಬಗ್ಗಿಸಿದರೆ ಮುರಿಯುತ್ತದೆ.

"ಅಕ್ಕಾ, ನೀರು ವೈರ್ ಹಿಡ್ಕೊಂಡೇ ಒಳಗೆ ಬಂದಿದೆ ನೋಡಿ" ಅಂದ. ಸೂರಿನ ತನಕ ಹತ್ತಿದ ಕೇಬಲ್ ಅಲ್ಲಿಂದ ಇಳಿದು ಮೇಲಿನ ಕಿಟಕಿಗೆ ನುಗ್ಗುತ್ತಿತ್ತು. ಸೂರಿನ ಕೆಳಗೆ ಸಿಪ್ಪೆ ಬಿಸಿಲಿಗೆ ಬಿರಿದಿತ್ತು. ಮಳೆ ನೀರು ಅಲ್ಲಿ ಒಳಹೊಕ್ಕು ನೇರ ಪ್ಲಗ್‌ಗೆ ಹರಿದಿತ್ತು.

ಕಾಲು ಮೀಟರಿನಂತೆ ಕತ್ತರಿಸುತ್ತಾ ಹೋದೆವು. ನಾಲ್ಕನೇ ಸಲಕ್ಕೆ ಹೊಳೆಯುವ ವೈರ್ ಸಿಕ್ಕಿತು. ಹೊಸ ಪ್ಲಗ್ ಅನ್ನು ನಾನೇ ಒತ್ತಿದೆ, ಅವನು ಹೇಳಿಕೊಟ್ಟ. ಪ್ಲಗ್ಗಿನ ಕೊಕ್ಕೆ ಕೆಳಗೆ ಮಾಡಿ ಹಿಡಿದರೆ ಎಡದಿಂದ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹೆಣಿಗೆಯನ್ನು ಅರ್ಧ ಇಂಚಿಗಿಂತ ಜಾಸ್ತಿ ಬಿಚ್ಚಬಾರದು. ಹೊರ ಸಿಪ್ಪೆ ಪ್ಲಗ್ಗಿನೊಳಗೆ ಸಿಕ್ಕಿಕೊಳ್ಳಬೇಕು, ಇಲ್ಲದಿದ್ದರೆ ಎಳೆದಾಗಲೆಲ್ಲ ಪುಟ್ಟ ವೈರುಗಳ ಮೇಲೆ ಭಾರ ಬೀಳುತ್ತದೆ.

ಟೆಸ್ಟರಿನಲ್ಲಿ ಆರು ದೀಪ ಚೆನ್ನಾಗಿ ಹತ್ತಿದವು, 7 ಮತ್ತು 8 ಬರಲೇ ಇಲ್ಲ. ಮಧ್ಯೆ ಎಲ್ಲೋ ಕಂದು ಜೋಡಿ ತುಂಡಾಗಿತ್ತು. ಆದರೂ ಕೆಲಸಕ್ಕೆ ಸಾಕಲ್ವಾ! ಪಿಂಗ್ ಹತ್ತು ನಿಮಿಷ ಓಡಿಸಿದೆ, ಒಂದು ಉತ್ತರವೂ ತಪ್ಪಲಿಲ್ಲ. ಉಳಿದ ಏಳು ರಿಟರ್ನ್ 19ರ ರಾತ್ರಿ ಮುಗಿದವು.

ಮರುವಾರ ಪೂರ್ತಿ ತಾಮ್ರದ ಕ್ಯಾಟ್ 6 ಕೇಬಲ್ ತರಿಸಿ, ಈ ಸಲ ಮನೆಯೊಳಗೇ ಮೆಟ್ಟಿಲ ಪಕ್ಕ ಪಿವಿಸಿ ಪಟ್ಟಿಯಲ್ಲಿ ಎಳೆದೆ. ಲಿಂಕ್ ಮತ್ತೆ ಗಿಗಾಬಿಟ್‌ಗೆ ಏರಿತು. ಹೊರಗೆ ಎಳೆಯಲೇಬೇಕು ಎನ್ನುವವರು ಬಿಸಿಲು ತಡೆಯುವ ಹೊರಾಂಗಣದ ಕೇಬಲನ್ನೇ ತನ್ನಿ. ಒಳಗೆ ಹೋಗುವ ತೂತಿಗಿಂತ ಕೆಳಗೆ ಅದನ್ನು ಒಂದು ಸಲ ಜೋತು ಬಿಟ್ಟು ಮೇಲೆ ತಿರುಗಿಸಿ. ಹೊರಗಿನಿಂದ ಹರಿದು ಬಂದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಶುರುವಾಗುವ ಮೊದಲೇ ಎರಡೂ ತುದಿ ಕಿತ್ತಿಡಿ. ಸಿಡಿಲು ಹತ್ತಿರ ಬಿದ್ದರೆ ಸಾಕು, ಉದ್ದದ ತಾಮ್ರದ ವೈರಿನಲ್ಲಿ ಹೆಚ್ಚಿನ ಕರೆಂಟ್ ಹುಟ್ಟಿ ಪೋರ್ಟ್ ಸುಡಬಹುದು.

ಹಳೆ ಕೇಬಲನ್ನು ಗೋಡೆಯಿಂದ ಇಳಿಸಿದ ದಿನ ಅದರ ತುದಿಯನ್ನು ಬಕೆಟ್ ಮೇಲೆ ಹಿಡಿದೆ. ನೀರು ಹನಿ ಹನಿಯಾಗಿ ಬಿತ್ತು. ಅಮ್ಮ ಪಕ್ಕದಲ್ಲಿ ನಿಂತು ನೋಡುತ್ತಿದ್ದರು. ಸುಮಾರು ಅರ್ಧ ಚಮಚ ಇದ್ದೀತು.