ಬಿಪಿ ಏರಿದ್ದು ವಯಸ್ಸಿಗೋ, ಟೆನ್ಷನ್‌ಗೋ? ಒಂದು ವಾರ ಮನೆಯಲ್ಲೇ ನೋಡಿ

'ವಯಸ್ಸಿಗೆ ನೂರು ಸೇರಿಸಿ, ಅಷ್ಟು ಬಿಪಿ ಇದ್ದರೆ ತೊಂದರೆಯಿಲ್ಲ' ಎನ್ನುವ ಹಳೇ ಲೆಕ್ಕ ಈಗಲೂ ಕೇಳಿಬರುತ್ತದೆ. ಮೊದಲು ಅದನ್ನು ಬಿಡಿ. ವಯಸ್ಸಾದಂತೆ ದೊಡ್ಡ ರಕ್ತನಾಳಗಳು ಗಡುಸಾಗುತ್ತವೆ. ಹೃದಯ ರಕ್ತ ತಳ್ಳಿದಾಗ ಮೊದಲಿನ ಹಾಗೆ ಹಿಗ್ಗುವುದಿಲ್ಲ. ಅದಕ್ಕೇ ಮೇಲಿನ ಅಂಕಿ ಏರುತ್ತಾ ಹೋಗುತ್ತದೆ. 50–60 ದಾಟಿದ ಮೇಲೆ ಕೆಳಗಿನದು ಇಳಿಯುವುದೂ ಉಂಟು. 160/70 ಬಂದಾಗ 'ಕೆಳಗಿನದು ಸರಿಯಾಗಿದೆಯಲ್ಲ' ಎಂದು ಸುಮ್ಮನಾಗಬೇಡಿ. ಅದಕ್ಕೂ ಚಿಕಿತ್ಸೆ ಬೇಕು.

ಟೆನ್ಷನ್ ಕತೆ ಬೇರೆ. ಗಾಬರಿಯಾದರೆ ಅಡ್ರಿನಲಿನ್ ಹರಿದು ಎದೆಬಡಿತ ಜೋರಾಗುತ್ತದೆ, ಬಿಪಿ ಏರುತ್ತದೆ, ಮನಸ್ಸು ತಣ್ಣಗಾದರೆ ಇಳಿಯುತ್ತದೆ. ಡಾಕ್ಟರ್ ಎದುರು ಕೂತಾಗ ಮಾತ್ರ ಏರುವವರಿದ್ದಾರೆ, ವಯಸ್ಸಾದವರಲ್ಲಿ ಇದು ಇನ್ನೂ ಜಾಸ್ತಿ. ಕ್ಲಿನಿಕ್ಕಿನ ಒಂದೇ ಅಂಕಿಯಿಂದ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ.

ತೋಳಿಗೆ ಸುತ್ತುವ ಡಿಜಿಟಲ್ ಮಷಿನ್ ತೆಗೆದುಕೊಳ್ಳಿ, ಮಣಿಕಟ್ಟಿನದು ಬೇಡ. ಪಟ್ಟಿ ತೋಳಿಗೆ ಚಿಕ್ಕದಾದರೆ ಅಂಕಿ ಸುಳ್ಳುಸುಳ್ಳೇ ಜಾಸ್ತಿ ಬರುತ್ತದೆ. ಕಾಫಿ, ಬೀಡಿ, ವಾಕಿಂಗ್ ಮುಗಿದು ಅರ್ಧ ಗಂಟೆಯಾಗಿರಲಿ. ಮೂತ್ರಕ್ಕೆ ಹೋಗಿ ಬನ್ನಿ. ಬೆನ್ನು ಒರಗಿಸಿ ಕೂರಿ, ಪಾದ ನೆಲದ ಮೇಲಿರಲಿ, ಕಾಲ ಮೇಲೆ ಕಾಲು ಹಾಕಬೇಡಿ. ತೋಳು ಎದೆಮಟ್ಟಕ್ಕೆ ಮೇಜಿನ ಮೇಲಿರಲಿ. ಪಟ್ಟಿಯನ್ನು ಬಟ್ಟೆಯ ಮೇಲೆ ಸುತ್ತಬೇಡಿ.

ಇನ್ನು ಐದು ನಿಮಿಷ ಸುಮ್ನೆ ಕೂರಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಸುಮ್ನೆ ಅಂದರೆ ಧಾರಾವಾಹಿ ಇಲ್ಲ, ಫೋನಿಲ್ಲ, 'ಕುಕ್ಕರ್ ಎಷ್ಟು ಕೂಗ್ತು?' ಎಂದು ಅಡುಗೆಮನೆ ಕಡೆ ಕೇಳುವುದೂ ಇಲ್ಲ. ಅಳೆಯುವಾಗ ಮಾತಾಡಿದರೂ ಅಂಕಿ ಏರುತ್ತದೆ.

ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ, ಎರಡನ್ನೂ ಬರೆದಿಡಿ. ಬೆಳಿಗ್ಗೆ ಮಾತ್ರೆ, ತಿಂಡಿಗೆ ಮೊದಲು ಒಂದು ಸಲ, ಸಂಜೆ ಊಟಕ್ಕೆ ಮೊದಲು ಒಂದು ಸಲ. ಹೀಗೆ ಏಳು ದಿನ. ಮೊದಲ ದಿನದ್ದು ಬಿಟ್ಟು ಉಳಿದದ್ದರ ಸರಾಸರಿ ತೆಗೆಯಿರಿ. ಮನೆಯ ಸರಾಸರಿ 135/85 ಮುಟ್ಟಿದರೆ ಅದು ಬರೀ ಟೆನ್ಷನ್ ಅಲ್ಲ, ಚೀಟಿ ಹಿಡಿದು ಡಾಕ್ಟರ್ ಹತ್ತಿರ ಹೋಗಿ. ಕ್ಲಿನಿಕ್ಕಿನಲ್ಲಿ ಜಾಸ್ತಿ, ಮನೆಯಲ್ಲಿ ಕಡಿಮೆ ಬಂದರೂ ಚೀಟಿ ತೋರಿಸಿ, ಆಗಾಗ ನೋಡುತ್ತಿರಿ. ನೀವೇ ಮಾತ್ರೆ ನಿಲ್ಲಿಸಬೇಡಿ.

ಎದ್ದಾಗ ತಲೆ ಸುತ್ತುವ ಹಿರಿಯರಿಗೆ ನಿಂತು ಒಂದು, ಮೂರು ನಿಮಿಷಕ್ಕೂ ಅಳೆಯಿರಿ. ಮೇಲಿನ ಅಂಕಿ 20ರಷ್ಟು ಇಳಿದರೆ ಅದನ್ನೂ ಬರೆಯಿರಿ.

180/120 ದಾಟಿದ್ದು ಕಂಡರೆ ಆ ಗಾಬರಿಗೇ ಇನ್ನಷ್ಟು ಏರುತ್ತದೆ. ಐದು ನಿಮಿಷ ಕೂತು ಮತ್ತೆ ನೋಡಿ, ಇಳಿಯದಿದ್ದರೆ ಅಂದೇ ಡಾಕ್ಟರ್‌ಗೆ ಹೇಳಿ. ಎದೆನೋವು, ಉಸಿರುಗಟ್ಟುವುದು, ಮಾತು ತೊದಲುವುದು ಇದ್ದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ.