ಪಿನ್‌ಕೋಡ್ ಒಡೆಯಲು ಹೋಗಿ...

ಅಣ್ಣನ ಮಗನ ಲಗ್ನಪತ್ರಿಕೆಗಳ ಮೇಲೆ ವಿಳಾಸ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಹೆಚ್ಚಿನವು ವಿಜಯಪುರದವೇ. 586101, 586101... ಬರೆದೂ ಬರೆದೂ, ಈ ಸಂಖ್ಯೆಯ ಹೊಟ್ಟೆಯೊಳಗೆ ಏನಿದೆ ನೋಡೋಣ ಅನ್ನಿಸಿತು. ಕ್ಯಾಲ್ಕುಲೇಟರ್ ಮುಟ್ಟಬಾರದು ಅಂತ ಷರತ್ತು ಹಾಕಿಕೊಂಡೆ.

ಅಂಕಿಗಳನ್ನು ಕೂಡಿದರೆ 21. ಹಾಗಾಗಿ 3ರಿಂದ ಹೋಗುತ್ತದೆ, 9ರಿಂದ ಇಲ್ಲ. ಭಾಗಿಸಿದರೆ 195367. ಇನ್ನು 7, 11, 13 ಅಂತ ಅವಿಭಾಜ್ಯ ಸಂಖ್ಯೆಗಳಿಂದ ಒಂದೊಂದಾಗಿ ಭಾಗಿಸಬೇಕು. ವರ್ಗಮೂಲದ ತನಕ ಹೋದರೆ ಸಾಕು. 442ರ ವರ್ಗ 195364. ಮೂರೇ ಮೂರು ಕಡಿಮೆ! ಸುಮ್ನೆ ಸ್ವಲ್ಪದರಲ್ಲಿ ತಪ್ಪಿತು ಅಂತ ಬೇಜಾರೇ ಆಯ್ತು.

ಒಂದೂ ಹೋಗಲಿಲ್ಲ. 79 ದಾಟಿ 130ರ ಹತ್ತಿರ ಬಂದಿದ್ದೆ. ಅಣ್ಣನ ಮಗಳು ನೋಟ್‌ಬುಕ್ ಇಣುಕಿದಳು. "ಕಾಕಾ, ಎಪ್ಪತ್ತೊಂಬತ್ತರಿಂದ ಭಾಗಿಸಿದ್ರ ಎಪ್ಪತ್ತೊಂಬತ್ತ ಹ್ಯಾಂಗ ಉಳಿತೈತಿ?"

ನೋಡಿದರೆ ಹೌದು. ಕೊನೆಯ ಹಂತದಲ್ಲಿ 237 ಬಂದಿತ್ತು. 79 ಮೂರ್ಲೆ 237. ನಾನು ಅವಸರದಲ್ಲಿ 2 ಹಾಕಿ, ಶೇಷ 79 ಅಂತ ಬರೆದು ಮುಂದೆ ಓಡಿದ್ದೆ. ಭಾಗಲಬ್ಧ 2472 ಅಲ್ಲ, 2473.

ಈಗ 2473ನ್ನು ಮತ್ತೆ ಮೊದಲಿಂದ ಪರೀಕ್ಷಿಸಬೇಕಲ್ಲ ಅಂತ ತಲೆ ಚಚ್ಚಿಕೊಂಡೆ. ಆಮೇಲೆ ಹೊಳೆಯಿತು, ಬೇಕಾಗಿಲ್ಲ. 2473 ಒಡೆಯುವುದಾದರೆ ಅದರ ಒಂದು ತುಂಡು 50ಕ್ಕಿಂತ ಚಿಕ್ಕದಿರಲೇಬೇಕು. ಆ ತುಂಡು 195367ನ್ನೂ ಭಾಗಿಸಬೇಕಿತ್ತು. 73ರ ತನಕ ಯಾವುದೂ ಭಾಗಿಸಿಲ್ಲ. ದಂಡ ಅಂದುಕೊಂಡ ಅಷ್ಟೂ ಭಾಗಾಕಾರ ಇಲ್ಲಿ ಸಾಕ್ಷಿ ಹೇಳಿತು. 2473 ಅವಿಭಾಜ್ಯ.

ಅಂದರೆ 586101 = 3 × 79 × 2473. ಮೂರು ಬೇರೆ ಬೇರೆ ಅವಿಭಾಜ್ಯಗಳ ಗುಣಲಬ್ಧಕ್ಕೆ ಸ್ಫೀನಿಕ್ ಸಂಖ್ಯೆ ಅಂತಾರೆ. ಇವುಗಳಲ್ಲಿ ಅತಿ ಚಿಕ್ಕದು 30. ನಮ್ಮ ಪಿನ್‌ಕೋಡಿಗೆ ಎಂಟು ಭಾಜಕಗಳು. ತನ್ನನ್ನು ಬಿಟ್ಟು ಉಳಿದ ಏಳನ್ನು ಕೂಡಿದರೆ 205579, ತನ್ನ ಅರ್ಧಕ್ಕೂ ಬರಲಿಲ್ಲ. ಹೀಗೆ ಮೊತ್ತ ಸಂಖ್ಯೆಗಿಂತ ಕಡಿಮೆ ಬಂದರೆ ಅದು ಕೊರತೆಯ ಸಂಖ್ಯೆ.

ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲಾ ಮಾಸ್ತರರಾಗಿದ್ದ ಗಣಿತಜ್ಞ ಕಾಪ್ರೇಕರ್ ಹೆಸರಿಟ್ಟ ಹರ್ಷದ ಸಂಖ್ಯೆಯೂ ಇದಲ್ಲ. ಅಂಕಿಗಳ ಮೊತ್ತದಿಂದಲೇ ಭಾಗವಾದರೆ ಅದು ಹರ್ಷದ. 21ರಿಂದ ಹೋಗಲು 7ರಿಂದಲೂ ಹೋಗಬೇಕು, ಶೇಷ 5 ಉಳಿಯುತ್ತದೆ. ಮೂರು ಹೆಜ್ಜೆ ಮುಂದಿನ 586104 ನೋಡಿ: ಮೊತ್ತ 24, ಭಾಗಿಸಿದರೆ ಸರಿಯಾಗಿ 24421.

ಪತ್ರಿಕೆ ಹಂಚಿ ಆಯ್ತು, ಚಟ ಹೋಗಿಲ್ಲ. ಈಗ ಬಾಗಲಕೋಟೆಯ 587101 ಹಿಡಿದಿದ್ದೇನೆ. 766ರ ತನಕ ಹೋಗಬೇಕು, 151 ಮುಗಿದಿದೆ, ಒಂದೂ ಸಿಕ್ಕಿಲ್ಲ. 37ರಿಂದ ಭಾಗಿಸಿದರೆ ಶೇಷ 22. 41ರಿಂದಲೂ 22. 43ರಿಂದಲೂ 22. ಮತ್ತೆ ಎಡವಿದೆನಾ ಅಂತ ಮೂರನ್ನೂ ತಿರುಗಿ ಮಾಡಿದೆ. ಅಷ್ಟೇ ಬಂತು.