ಎರೆ ಹೊಲದ ತೊಗರಿಗೆ ರಂಜಕ ಮುಟ್ಟಿಸುವುದು ಹೇಗೆ?

ಕಲಬುರಗಿ ಕಡೆಯ ಎರೆ ನೆಲದಲ್ಲಿ ಸುಣ್ಣ ಹೆಚ್ಚು, ರಸಸಾರ (ಪಿಎಚ್) ಸಾಮಾನ್ಯವಾಗಿ 8ರ ಆಚೀಚೆ. ಸಾರಜನಕ, ರಂಜಕ ಎರಡೂ ಇರುವ ಡಿಎಪಿ ಗೊಬ್ಬರದ ರಂಜಕ (ಫಾಸ್ಫರಸ್) ಕರಗಿದರೂ ಬೇಗನೆ ಸುಣ್ಣದ ಜೊತೆ ಕೂಡಿ ಗಟ್ಟಿಯಾಗುತ್ತದೆ. ನೈಟ್ರೇಟ್ ಆದ ಸಾರಜನಕ ನೀರಿನೊಂದಿಗೆ ಬೇರಿನ ತನಕ ಹರಿದು ಬರುತ್ತದೆ. ರಂಜಕ ಸರಿಯುವುದು ಕೆಲವೇ ಮಿಲಿಮೀಟರ್; ಬೇರೇ ಅದರ ಬಳಿಗೆ ಹೋಗಬೇಕು. ಹೊಲದ ಮೇಲೆ ಎರಚಿದ ಡಿಎಪಿ ಬಹುಮಟ್ಟಿಗೆ ದಂಡ.

ಮಳೆಯಾಶ್ರಿತ ತೊಗರಿಗೆ ಎಕರೆಗೆ 10 ಕೆಜಿ ಸಾರಜನಕ, 20 ಕೆಜಿ ರಂಜಕ ಬೇಕು. 50 ಕೆಜಿ ಡಿಎಪಿ ಚೀಲದಲ್ಲಿ 9 ಕೆಜಿ ಸಾರಜನಕ, 23 ಕೆಜಿ ರಂಜಕ ಇರುತ್ತದೆ. ಒಂದು ಚೀಲಕ್ಕೆ ಲೆಕ್ಕ ಮುಗಿಯಿತು. ಮೇಲೆ ಯೂರಿಯಾ ಸುರಿದರೆ ಗಾಳಿಯ ಸಾರಜನಕ ಹಿಡಿದುಕೊಡುವ ಬೇರಿನ ಗಂಟುಗಳೇ ಕಡಿಮೆಯಾಗುತ್ತವೆ. ಬಿತ್ತುವಾಗಲೇ ಕೂರಿಗೆಯಿಂದ ಗೊಬ್ಬರವನ್ನು ಬೀಜದ ಪಕ್ಕಕ್ಕೆ 2 ಇಂಚು, ಕೆಳಕ್ಕೆ 2 ಇಂಚು ಬೀಳಿಸಿ. ಬೀಜಕ್ಕೆ ತಾಗಿದರೆ ಅಮೋನಿಯಾ ಮೊಳಕೆಯನ್ನು ಸುಡುತ್ತದೆ, ಸಾಲಿನಲ್ಲಿ ಅಲ್ಲಲ್ಲಿ ಖಾಲಿ ಬೀಳುತ್ತದೆ.

ಸತುವಿಗೆ ಜಿಂಕ್ ಸಲ್ಫೇಟ್ ಎಕರೆಗೆ 6 ಕೆಜಿ. ಡಿಎಪಿ ಜೊತೆ ಬೆರೆಸಬೇಡಿ: ಸತು, ರಂಜಕ ಎರಡೂ ಕೂಡಿ ಕರಗದ ವಸ್ತುವಾಗುತ್ತವೆ. ಕೊಟ್ಟಿಗೆ ಗೊಬ್ಬರದಲ್ಲಿ ಕಲಸಿ, ಬಿತ್ತನೆಗೆ ಮುಂಚೆಯೇ ಮಣ್ಣಿಗೆ ಸೇರಿಸಿ. ಗಂಧಕಕ್ಕೆ 50 ಕೆಜಿ ಜಿಪ್ಸಮ್ ಸಾಕು. ಬೀಜಕ್ಕೆ ಮೊದಲು ಶಿಲೀಂಧ್ರನಾಶಕ, ಕೊನೆಗೆ ಬೇರಿನ ಗಂಟು ಕಟ್ಟುವ ರೈಜೋಬಿಯಂ ಜೀವಾಣು ಮತ್ತು ರಂಜಕ ಕರಗಿಸುವ ಜೀವಾಣು, ನೆರಳಲ್ಲೇ ಆರಿಸಿ.

ಬೀದರಿನ ಕೆಂಪು ಜಂಬಿಟ್ಟಿಗೆ ನೆಲದ ಮಾತು ಬೇರೆ. ಅಲ್ಲಿ ರಂಜಕ ಸಿಕ್ಕಿಬೀಳುವುದು ಕಬ್ಬಿಣದೊಂದಿಗೆ. ತೊಗರಿಯ ಬೇರು ಪಿಸಿಡಿಕ್ ಆಮ್ಲ ಸ್ರವಿಸಿ ಆ ಕಬ್ಬಿಣವನ್ನು ಹಿಡಿದು ರಂಜಕವನ್ನು ಬಿಡಿಸಿಕೊಳ್ಳಬಲ್ಲದು. ಸುಣ್ಣ ಹಿಡಿದ ರಂಜಕದ ಮೇಲೆ ಆ ಜಾಣತನ ಅಷ್ಟಾಗಿ ನಡೆಯುವುದಿಲ್ಲ.

ಬೆಳೆ ಹಳದಿಯಾದರೆ ಎಲೆ ನೋಡಿ, ಅಂಗಡಿಗೆ ಓಡಬೇಡಿ. ಹಳೆ ಎಲೆ ಮೊದಲು ಹಳದಿಯಾದರೆ ಸಾರಜನಕದ ಕೊರತೆ. ಗಿಡ ಅದನ್ನು ಕೆಳಗಿನಿಂದ ಕಿತ್ತು ಚಿಗುರಿಗೆ ಕೊಡುತ್ತದೆ. ಕಬ್ಬಿಣ ಹಾಗೆ ಚಲಿಸದು, ಹೀಗಾಗಿ ಚಿಗುರೇ ಹಳದಿ, ನರ ಮಾತ್ರ ಹಸಿರು. ಇಡೀ ಪಟ್ಟಿಯೇ ಹಳದಿಯಾಗಿ ನೀರು ನಿಂತಿದ್ದರೆ ಗೊಬ್ಬರ ವ್ಯರ್ಥ: ಗಾಳಿಯಿಲ್ಲದೆ ಬೇರು ಉಸಿರಾಡದು, ಉಸಿರಿಲ್ಲದೆ ಲವಣ ಹೀರದು. ಮೊದಲು ಬಸಿಗಾಲುವೆ ತೆಗೆಯಿರಿ. ಕಬ್ಬಿಣದ ಕೊರತೆಗೆ ಲೀಟರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಸಿಂಪಡಿಸಿ. 10 ದಿನದ ನಂತರ ಇನ್ನೊಮ್ಮೆ. ದ್ರಾವಣ ಕಂದಾಗಿದ್ದರೆ ಚೆಲ್ಲಿ, ಹೊಸದು ಮಾಡಿ.